ಬೌರಿಂಗ್ ಮನೆತನದ ಜಾಡು ಹಿಡಿದು

ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಯಾರಿಗೆ ಗೊತ್ತಿಲ್ಲ? ಈಗಿನ ಬಂಗಾರಪೇಟೆಯೂ ಒಂದು ಕಾಲಕ್ಕೆ ಬೌರಿಂಗ್‌ಪೇಟೆಯೇ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೆಂಥಮ್ ಬೌರಿಂಗ್ ಅವರ ಹೆಸರು ಎರಡಕ್ಕೂ ಅಂಟಿಕೊಂಡಿತು. ಇಂಗ್ಲೆಂಡಿನಲ್ಲಿ ಮಾತ್ರ ಈ ಮನೆತನದ ಹೆಸರು ಅಪರೂಪ. ಸ್ಮಿತ್‌ಗಳನ್ನು ಹುಡುಕ ಹೊರಟವರು ಜನಸಂದಣಿಯಲ್ಲಿ ಕಳೆದುಹೋಗುತ್ತಾರೆ. ಹೆಸರು ಅಪರೂಪವಾದರೆ ಸಿಕ್ಕವರನ್ನೆಲ್ಲ ಪಟ್ಟಿಮಾಡಿ ನಕ್ಷೆಯ ಮೇಲೆ ಕೂರಿಸಬಹುದು. ಮನೆಯ ಕಂಪ್ಯೂಟರಿನ ಮುಂದೆ ಕುಳಿತು ನಾನು ಮಾಡಿದ್ದೂ ಅದನ್ನೇ.

ಮೊದಲು ಕೈಗೆತ್ತಿಕೊಂಡದ್ದು 1881ರ ಜನಗಣತಿಯನ್ನು. ತಲೆ ಎಣಿಸಿದರಷ್ಟೇ ಸಾಲದು. ಲಂಡನ್ನಿನಲ್ಲಿ ಎಲ್ಲ ಹೆಸರಿನವರೂ ಇರುತ್ತಾರೆ. ಆದ್ದರಿಂದ ಆಯಾ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಜನಸಂಖ್ಯೆಯಿಂದ ಭಾಗಿಸಿ ನೋಡಿದೆ. ಆಗ ಎದ್ದು ಕಂಡದ್ದು ನೈಋತ್ಯದ ಡೆವನ್. ಕಿರಿಕಿರಿ ಕೊಟ್ಟದ್ದು ಗಣತಿದಾರರ ಕೈಬರಹ. ‘ಆರ್’ ಅಕ್ಷರದ ತಲೆ ಸ್ವಲ್ಪ ಮೇಲಕ್ಕೆದ್ದರೆ ಸಾಕು, ಸೂಚಿಯಲ್ಲಿ ಬೌರಿಂಗ್ ಬೌಲಿಂಗ್ ಆಗುತ್ತಾನೆ! ಬೌಲಿಂಗ್ ಎಂಬ ಮನೆತನವೂ ಇರುವುದರಿಂದ ಸುಮ್ಮನೆ ತಿದ್ದುವಂತಿಲ್ಲ. ಅನುಮಾನ ಬಂದಾಗ ಮೂಲ ಪುಟದ ಚಿತ್ರ ತೆರೆದು ಹುಟ್ಟೂರಿನ ಅಂಕಣ ನೋಡುತ್ತಿದ್ದೆ. ಡೆವನ್ನಿನ ಮುಖ್ಯ ಪಟ್ಟಣ ಎಕ್ಸೆಟರ್ ಎಂದಿದ್ದರೆ ಆ ಸಾಲನ್ನು ಕೈಬಿಡದೆ ಮುಂದಿನ ಪರಿಶೀಲನೆಗೆ ಇಟ್ಟುಕೊಳ್ಳುತ್ತಿದ್ದೆ.

ಇಂಗ್ಲೆಂಡಿನ ಗಣತಿಯನ್ನಷ್ಟೇ ನಂಬಿದವರಿಗೆ ಈ ಹೆಸರಿನ ಅರ್ಧ ಕಥೆ ಸಿಗುವುದಿಲ್ಲ. ಎಕ್ಸೆಟರಿನಲ್ಲಿ ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಬೌರಿಂಗ್ 1811ರಲ್ಲಿ ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ವ್ಯಾಪಾರ ಆರಂಭಿಸಿದ. ಮುಂದೆ ಅವನ ವಂಶದವರು ಲಿವರ್‌ಪೂಲಿನಲ್ಲಿ ಹಡಗುಗಳ ಒಡೆಯರಾದರು. ಎರಡೂ ಕಡೆ ಇಂದಿಗೂ ಬೌರಿಂಗ್ ಪಾರ್ಕ್ ಇದೆ. ಬಂಗಾರಪೇಟೆಗೆ ಮಾತ್ರ ನನ್ನ ನಕ್ಷೆಯಲ್ಲಿ ಚುಕ್ಕೆ ಇಲ್ಲ. ಊರಿಗೆ ಹೆಸರಿಟ್ಟ ಮಾತ್ರಕ್ಕೆ ಮನೆತನ ಅಲ್ಲಿ ನೆಲೆಸಿತೆಂದಲ್ಲ.

1837ಕ್ಕೂ ಹಿಂದಕ್ಕೆ ಹೋದರೆ ಸರ್ಕಾರಿ ಜನನ ನೋಂದಣಿ ಇಲ್ಲ, ಚರ್ಚಿನ ದಫ್ತರಗಳೇ ಗತಿ. ಅಲ್ಲೊಂದು ತೊಡಕು. ಲೂಯಿನ್‌ರ ತಂದೆ, ಹಾಂಗ್‌ಕಾಂಗಿನ ಗವರ್ನರ್ ಆಗಿದ್ದ ಸರ್ ಜಾನ್ ಬೌರಿಂಗ್, 1792ರಲ್ಲಿ ಎಕ್ಸೆಟರಿನ ಉಣ್ಣೆ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವರು. ಅವರದು ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿಗೆ ಸೇರದ ಯೂನಿಟೇರಿಯನ್ ಎಂಬ ಕ್ರೈಸ್ತ ಪಂಥದ ಕುಟುಂಬ. ಇಂಥವರನ್ನು ಆಂಗ್ಲಿಕನ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಾತ್ರ ಹುಡುಕಿ ಕೈಚೆಲ್ಲಬಾರದು. ಇಂಥ ಪಂಥಗಳು ಸರ್ಕಾರಕ್ಕೆ ಒಪ್ಪಿಸಿದ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು.

ಉಯಿಲುಗಳ ಮಟ್ಟಿಗೆ ಡೆವನ್ ನತದೃಷ್ಟ ಕೌಂಟಿ. 1942ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಎಕ್ಸೆಟರಿನ ಮೇಲೆ ಬಾಂಬು ಸುರಿದಾಗ ಅಲ್ಲಿನ ಉಯಿಲು ಕಚೇರಿ ಸುಟ್ಟುಹೋಯಿತು. ಯಾರ ಮಗ ಯಾರು, ಮಗಳನ್ನು ಯಾವ ಮನೆಗೆ ಕೊಟ್ಟರು ಎಂದು ಹೇಳಬಲ್ಲ ಕಾಗದಗಳೆಲ್ಲ ಬೂದಿ. ದೊಡ್ಡ ಆಸ್ತಿವಂತರ ಉಯಿಲುಗಳು ಕ್ಯಾಂಟರ್‌ಬರಿಯ ಚರ್ಚ್ ನ್ಯಾಯಾಲಯಕ್ಕೆ ಹೋಗುತ್ತಿದ್ದುದರಿಂದ ಬಚಾವಾದವು. ಸಾಧಾರಣ ಜನರದ್ದು ಉಳಿದಿದ್ದರೆ ಅದು ಬಹುಮಟ್ಟಿಗೆ 1812ರಿಂದ 1857ರವರೆಗಿನದು. ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ ವಸೂಲಿಗೆಂದು ಅಧಿಕಾರಿಗಳು ಅವನ್ನು ಪ್ರತಿ ಮಾಡಿಸಿಟ್ಟುಕೊಂಡಿದ್ದರು. ತೆರಿಗೆಯವರನ್ನು ಹೊಗಳುವ ಪ್ರಸಂಗ ನನಗೆ ಬಂದದ್ದು ಅದೊಂದೇ ಸಲ.