ಒಂದು ಡಿಸ್ಕ್ ಕಿತ್ತರೂ ಬೂಟ್ ಆಗಬೇಕು: ಸಾಫ್ಟ್‌ವೇರ್ ರೇಡ್ ಜೊತೆ ನನ್ನ ಅನುಭವ

ನಮ್ಮ ಆಫೀಸಿನ ಫೈಲ್ ಸರ್ವರ್ ದೊಡ್ಡದೇನಲ್ಲ. ಮಾಮೂಲಿ ಡೆಸ್ಕ್‌ಟಾಪ್, ಡೆಬಿಯನ್ 12, ತಲಾ 1 ಟಿಬಿಯ ಎರಡು ಹಾರ್ಡ್ ಡಿಸ್ಕ್. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಎರಡನ್ನೂ ಜೋಡಿಸಬೇಕಿತ್ತು, ಅದಕ್ಕೇ ರೇಡ್ ಅನ್ನುವುದು. ರೇಡ್ ಕಾರ್ಡ್ ಬೇಡ ಅಂದುಕೊಂಡೆ. ಕಾರ್ಡ್ ಕೆಟ್ಟರೆ ಅದೇ ಥರದ್ದು ಇನ್ನೊಂದನ್ನು ಹುಡುಕಿಕೊಂಡು ಅಲೆಯಬೇಕು. ಕಾರ್ಡ್ ಇಲ್ಲದೆ ಸಾಫ್ಟ್‌ವೇರ್‌ನಲ್ಲೇ ನಡೆಯುವ ಲಿನಕ್ಸ್‌ನ ಎಂಡಿ ರೇಡ್ ಆದರೆ ಡಿಸ್ಕ್ ಬಿಚ್ಚಿ ಬೇರೆ ಲಿನಕ್ಸ್ ಮೆಷಿನ್‌ಗೆ ಹಾಕಿದರೂ ಓದುತ್ತದೆ.

ಡೇಟಾ ಮಿರರ್ ಮಾಡೋದು, ಅಂದರೆ ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡೋದು, ಸುಲಭದ ಕೆಲಸ. ಇನ್‌ಸ್ಟಾಲರ್‌ನಲ್ಲೇ ರೂಟ್‌ಗೆ (ಇಡೀ ಸಿಸ್ಟಮ್ ಇರುವ ಭಾಗ) ಒಂದು, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಒಂದು ರೇಡ್ 1, ಅಂದರೆ ಮಿರರ್, ಮಾಡಿದೆ. ಸ್ವಾಪ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಸ್ವಾಪ್ ಇರುವ ಡಿಸ್ಕ್ ಸತ್ತರೆ, ಅದರಲ್ಲಿ ಜಾಗ ಹಿಡಿದಿದ್ದ ಪ್ರೋಗ್ರಾಂಗಳೂ ಸಾಯುತ್ತವೆ, ಅಲ್ವಾ?

ತಲೆನೋವು ಇರುವುದು ಪವರ್ ಬಟನ್ ಒತ್ತಿದಲ್ಲಿಂದ ಕರ್ನಲ್ (ಲಿನಕ್ಸ್‌ನ ತಿರುಳು) ಏಳುವವರೆಗೆ. ಆ ಹೊತ್ತಿನಲ್ಲಿ ರೇಡ್ ಅನ್ನೋದೇ ಇರುವುದಿಲ್ಲ. ಮೆಷಿನ್ ಶುರುಮಾಡುವ ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಯುಇಎಫ್‌ಐಗೆ, ಎಂಡಿ ಗೊತ್ತಿಲ್ಲ. ಅದು ಇಎಸ್‌ಪಿ ಅನ್ನುವ, ಫ್ಯಾಟ್ ಫಾರ್ಮ್ಯಾಟಿನ ಸಣ್ಣ ಪಾರ್ಟಿಷನ್ ಹುಡುಕಿ, ಅಲ್ಲಿರುವ ಗ್ರಬ್ (ಕರ್ನಲ್ ಲೋಡ್ ಮಾಡುವ ಪ್ರೋಗ್ರಾಂ) ಎಬ್ಬಿಸುತ್ತದೆ, ಅಷ್ಟೇ. ಆಮೇಲಿನದ್ದಕ್ಕೆ ಚಿಂತೆ ಇಲ್ಲ, ಗ್ರಬ್‌ಗೆ ಎಂಡಿ ಓದಲು ಬರುತ್ತದೆ. ಆದರೆ ಇನ್‌ಸ್ಟಾಲರ್ ಗ್ರಬ್ ಹಾಕುವುದು ಒಂದೇ ಡಿಸ್ಕಿನ ಇಎಸ್‌ಪಿಗೆ. ಆ ಡಿಸ್ಕ್ ಹೋದರೆ, ಡೇಟಾ ಇನ್ನೊಂದರಲ್ಲಿ ಭದ್ರವಾಗಿದ್ದರೂ ಮೆಷಿನ್ ಏಳುವುದಿಲ್ಲ.

ಇದಕ್ಕೆ ಎರಡು ದಾರಿ ಇವೆ. ಇಎಸ್‌ಪಿಯನ್ನೂ ಮಿರರ್ ಮಾಡಿ, ರೇಡ್ ತನ್ನ ವಿವರ ಬರೆದಿಡುವ ಮೆಟಾಡೇಟಾದ 1.0 ಆವೃತ್ತಿ ಹಾಕುವುದು ಒಂದು. 1.0ರಲ್ಲಿ ರೇಡ್ ಮಾಹಿತಿ ಪಾರ್ಟಿಷನ್ನಿನ ಕೊನೆಗೆ ಕೂರುತ್ತದೆ. ಹಾಗಾಗಿ ಯುಇಎಫ್‌ಐಗೆ ಅದು ಮಾಮೂಲಿ ಫ್ಯಾಟ್ ಥರವೇ ಕಾಣುತ್ತದೆ. ತುಂಬಾ ಜನ ಹೀಗೆ ಮಾಡುತ್ತಾರೆ, ಓಡುತ್ತದೆ ಕೂಡ. ನನಗೆ ಇದು ಹಿಡಿಸಲಿಲ್ಲ. ಫರ್ಮ್‌ವೇರ್ ಯಾವತ್ತೋ ಒಂದು ಕಡೆ ಏನಾದರೂ ಬರೆದರೆ ಮಿರರ್‌ಗೆ ಸುಳಿವೇ ಸಿಗುವುದಿಲ್ಲ. ಎರಡು ಪ್ರತಿ ಬೇರೆಬೇರೆಯಾಗಿದ್ದರೂ ಎಂಡಿ ಎಲ್ಲ ಸರಿ ಇದೆ ಅಂತಲೇ ಹೇಳುತ್ತಿರುತ್ತದೆ.

ಹಾಗಾಗಿ ಎರಡನೇ ದಾರಿ ಹಿಡಿದೆ: ಎರಡು ಡಿಸ್ಕಿನಲ್ಲೂ 512 ಎಂಬಿಯ ಇಎಸ್‌ಪಿ ಬೇರೆಬೇರೆಯಾಗಿಯೇ ಇಟ್ಟೆ. ಎರಡನೆಯದನ್ನು ಬೇರೆ ಜಾಗದಲ್ಲಿ ಮೌಂಟ್ ಮಾಡಿ, ಮೊದಲನೆಯದರ ಫೈಲ್‌ಗಳನ್ನು ಆರ್‌ಸಿಂಕ್‌ನಲ್ಲಿ ಕಾಪಿ ಮಾಡಿದೆ. ಕರ್ನಲ್‌ಗಳೆಲ್ಲ ಮಿರರ್ ಒಳಗೇ ಇವೆ, ಆದ್ದರಿಂದ ಇಎಸ್‌ಪಿ ಬದಲಾಗುವುದು ಗ್ರಬ್ ಅಪ್‌ಡೇಟ್ ಬಂದಾಗ ಮಾತ್ರ. ಪ್ಯಾಕೇಜ್ ಹಾಕಿದ ಮೇಲೆ ತಾನಾಗಿ ಓಡುವಂತೆ ಆ ಆರ್‌ಸಿಂಕ್ ಸಾಲನ್ನು ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಎಪಿಟಿಗೆ ಸಿಕ್ಕಿಸಿದ್ದೇನೆ.

ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎರಡೂ ಇಎಸ್‌ಪಿಗೆ 'ನೋಫೇಲ್' (ಸಿಗದಿದ್ದರೂ ಮುಂದುವರಿ) ಹಾಕಲೇಬೇಕು. ಇಲ್ಲದಿದ್ದರೆ, ಕಾಣದ ಡಿಸ್ಕಿಗಾಗಿ ಸಿಸ್ಟಮ್‌ಡಿ (ಬೂಟ್ ವೇಳೆ ಎಲ್ಲವನ್ನೂ ಶುರುಮಾಡುವ ಪ್ರೋಗ್ರಾಂ) 90 ಸೆಕೆಂಡ್ ಕಾದು, ಕೊನೆಗೆ ಎಮರ್ಜೆನ್ಸಿ ಮೋಡ್‌ಗೆ ಬೀಳಿಸುತ್ತದೆ. ರೂಟ್ ಚೆನ್ನಾಗಿರುತ್ತದೆ, ಗ್ರಬ್ ಚೆನ್ನಾಗಿರುತ್ತದೆ, ಒಂದು ಫ್ಯಾಟ್ ಪಾರ್ಟಿಷನ್ ಸಿಗಲಿಲ್ಲ ಅಂತ ಇಡೀ ಸರ್ವರ್ ನಿಂತುಬಿಡುತ್ತದೆ!

ಯುಇಎಫ್‌ಐನ ಬೂಟ್ ಪಟ್ಟಿ ಬದಲಿಸುವ ಇಎಫ್‌ಐಬೂಟ್‌ಎಂಜಿಆರ್‌ನಲ್ಲಿ ಎರಡನೇ ಡಿಸ್ಕಿಗೂ ಒಂದು ಬೂಟ್ ಎಂಟ್ರಿ ಸೇರಿಸಿದೆ. ಅದನ್ನೇ ನಂಬಿ ಕೂರಲಿಲ್ಲ. ಡಿಸ್ಕ್ ಕಾಣದಿದ್ದರೆ ಅದರ ಎಂಟ್ರಿಯನ್ನೇ ಅಳಿಸಿಹಾಕುವ ಬೋರ್ಡ್‌ಗಳಿವೆ. ಎಂಟ್ರಿ ಇಲ್ಲದಿದ್ದರೂ ಯುಇಎಫ್‌ಐ ಹುಡುಕುವ ಒಂದು ಜಾಗ ಇದೆ: ಇಎಫ್‌ಐ ಫೋಲ್ಡರ್ ಒಳಗಿನ ಬೂಟ್ ಫೋಲ್ಡರ್. ಗ್ರಬ್-ಇನ್‌ಸ್ಟಾಲ್‌ಗೆ 'ರಿಮೂವಬಲ್' ಆಯ್ಕೆ ಕೊಟ್ಟರೆ ಅಲ್ಲೂ ಒಂದು ಪ್ರತಿ ಕೂರುತ್ತದೆ. ಎರಡೂ ಡಿಸ್ಕಿಗೆ ಅದನ್ನು ಮಾಡಿದೆ.

ಇನ್ನು ಪರೀಕ್ಷೆ. ಮೆಷಿನ್ ಆಫ್ ಮಾಡಿ ಮೊದಲ ಡಿಸ್ಕಿನ ಸಾಟಾ ಕೇಬಲ್ ಕಿತ್ತೆ. ಗ್ರಬ್ ಮೆನು ಬಂತು. ಆಮೇಲೆ ಪರದೆ ಸ್ವಲ್ಪ ಹೊತ್ತು ಸುಮ್ನೆ ನಿಂತಿತು. ಇಲ್ಲಿ ಗಾಬರಿಯಾಗಿ ರೀಸೆಟ್ ಒತ್ತಬೇಡಿ. ಇನ್ನೊಂದು ಡಿಸ್ಕ್ ತಡವಾಗಿ ಬರಬಹುದು ಅಂತ ಇನಿಟ್‌ರಾಮ್‌ಎಫ್‌ಎಸ್ (ರೂಟ್ ಸಿಗುವ ಮೊದಲು ಓಡುವ ಪುಟ್ಟ ಸಿಸ್ಟಮ್) ಕಾಯುತ್ತಿರುತ್ತದೆ, ಬರದಿದ್ದರೆ ಇರುವ ಒಂದರಲ್ಲೇ ಮುಂದುವರಿಯುತ್ತದೆ. ಲಾಗಿನ್ ಬಂದ ಮೇಲೆ ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ನೋಡಿದರೆ, ಎರಡು 'ಯು' (ಸರಿಯಿರುವ ಡಿಸ್ಕಿಗೆ ಒಂದರಂತೆ) ಇರಬೇಕಾದ ಜಾಗದಲ್ಲಿ ಒಂದು ಅಡಿಗೆರೆ, ಒಂದು 'ಯು'. ಮತ್ತೆ ರೀಬೂಟ್ ಮಾಡಿದಾಗ ಆ ಕಾಯುವಿಕೆ ಇಲ್ಲ. ಒಂದು ಡಿಸ್ಕ್ ಇಲ್ಲ ಅನ್ನೋದು ಅಷ್ಟರಲ್ಲಿ ಉಳಿದದ್ದರ ಮೆಟಾಡೇಟಾದಲ್ಲಿ ಬರೆದಾಗಿರುತ್ತದೆ.

ಈ ಹಂತದಲ್ಲಿ ತುಂಬಾ ಹುಷಾರಾಗಿರಬೇಕು. ಕಿತ್ತ ಡಿಸ್ಕನ್ನು ವಾಪಸ್ ಹಾಕಿದರೆ ಅದು ತಾನಾಗಿ ಸೇರಿಕೊಳ್ಳುವುದಿಲ್ಲ, ಎಂಡಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ ಪ್ರೋಗ್ರಾಂನಲ್ಲಿ ನಾವೇ ಸೇರಿಸಬೇಕು. ಸೇರಿಸಿ, ಸಿಂಕ್ ಪೂರ್ತಿ ಮುಗಿದು, ಎರಡು 'ಯು' ಬಂದ ಮೇಲೆಯೇ ಎರಡನೇ ಡಿಸ್ಕಿನ ಪರೀಕ್ಷೆ. ನಡುವೆ ಸಿಂಕ್ ಮಾಡದೆ ಒಂದೊಂದನ್ನೇ ಹಾಕಿ ಬೂಟ್ ಮಾಡಿದರೆ, ಎರಡೂ 'ನಾನೇ ಸರಿ, ಅದು ಹೋಗಿದೆ' ಅಂತ ಬರೆದುಕೊಂಡು ತಮ್ಮತಮ್ಮ ದಾರಿ ಹಿಡಿಯುತ್ತವೆ. ಎಲ್ಲೆಲ್ಲಿ ಬದಲಾಗಿದೆ ಅಂತ ಗುರುತಿಡುವ ಬಿಟ್‌ಮ್ಯಾಪ್ ಇದ್ದರೆ ಬದಲಾದ ಭಾಗ ಮಾತ್ರ ಸಿಂಕ್ ಆಗುತ್ತದೆ, ಬೇಗ ಮುಗಿಯುತ್ತದೆ. ಹೊಸ ಡಿಸ್ಕಿಗೆ ಪೂರ್ತಿ ಬರೆಯಬೇಕಾಗುತ್ತದೆ, 1 ಟಿಬಿಗೆ ಹೆಚ್ಚುಕಡಿಮೆ ಎರಡು ಗಂಟೆ.

ಹೊಸ ಡಿಸ್ಕ್ ಹಾಕಿದಾಗ ಎಂಡಿಎಡಿಎಂ ನೋಡಿಕೊಳ್ಳುವುದು ಮಿರರ್ ಮಾತ್ರ. ಎಸ್‌ಜಿಡಿಸ್ಕ್‌ನಲ್ಲಿ ಪಾರ್ಟಿಷನ್ ಟೇಬಲ್ ಕಾಪಿ ಮಾಡಿ, ಗುರುತಿನ ಸಂಖ್ಯೆಗಳನ್ನು ಹೊಸದಾಗಿ ಕೊಟ್ಟು, ಇಎಸ್‌ಪಿ ಫಾರ್ಮ್ಯಾಟ್ ಮಾಡಿ ತುಂಬುವುದು ನಮ್ಮ ಕೆಲಸ. ಕಾಪಿ ಮಾಡುವಾಗ ಯಾವುದರಿಂದ ಯಾವುದಕ್ಕೆ ಅನ್ನೋದು ತಿರುವುಮುರುವಾದರೆ ಕಥೆ ಮುಗಿಯಿತು. ಡಿಸ್ಕ್‌ಗಳಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳೂ ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗಬಹುದು. ಅದಕ್ಕೇ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಕ್ಯಾಬಿನೆಟ್ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ.

ಡಿಸ್ಕ್ ಹೋಗಿದೆ ಅಂತ ತಿಳಿಯಬೇಕಲ್ಲ, ಅದಕ್ಕೆ ಎಂಡಿಎಡಿಎಂ ಮೇಲ್ ಕಳಿಸುತ್ತದೆ. ಆದರೆ ಮೊದಲೇ ಇರುವ ವಿಳಾಸ ಅದೇ ಮೆಷಿನ್ನಿನ ರೂಟ್ ಅನ್ನುವ ಅಡ್ಮಿನ್ ಖಾತೆ, ಆ ಮೇಲ್‌ಬಾಕ್ಸ್ ಯಾರು ತೆರೆಯುತ್ತಾರೆ? ನನ್ನ ವಿಳಾಸ ಹಾಕಿ, ಟೆಸ್ಟ್ ಮೇಲ್ ಕಳಿಸಿ ನೋಡಿದೆ. ಪ್ರತಿ ರೇಡ್‌ಗೆ ಒಂದರಂತೆ ಬಂದಿದ್ದವು, ಎಲ್ಲವೂ ಸ್ಪ್ಯಾಮ್ ಫೋಲ್ಡರ್‌ನಲ್ಲಿ. ಫಿಲ್ಟರ್ ಹಾಕಿ ಇನ್‌ಬಾಕ್ಸ್‌ಗೆ ತಿರುಗಿಸಿದೆ.