ಕೇಳುಗರ ಅಭಿಪ್ರಾಯ ಪಡೆದು ಆಲ್ಬಮ್ ಮುಖಪುಟ ತಿದ್ದುವುದು ಹೇಗೆ?

ತಿಂಗಳುಗಟ್ಟಲೆ ಬೆವರು ಹರಿಸಿ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುವ ಸಣ್ಣ ತಂಡಗಳು ಮುಖಪುಟ ಮತ್ತು ಜಾಹೀರಾತಿನ ಹೊತ್ತಿಗೆ ಒಂದೋ ಯಾರನ್ನೂ ಕೇಳದೆ ಬಿಡುಗಡೆ ಮಾಡುತ್ತವೆ, ಇಲ್ಲವೇ ಎಲ್ಲರನ್ನೂ ಕೇಳಿ, ಹೇಳಿದ್ದೆಲ್ಲವನ್ನೂ ಸೇರಿಸಿ, ವಿನ್ಯಾಸವನ್ನು ಕಲಸುಮೇಲೋಗರ ಮಾಡಿಬಿಡುತ್ತವೆ. ನಾನು ಹೆಚ್ಚಾಗಿ ನೋಡಿರುವುದು ಎರಡನೆಯದನ್ನೇ.

ಮೊದಲಿಗೆ ಮುಖಪುಟವನ್ನು 3000 × 3000 ಪಿಕ್ಸೆಲ್‌ನ ಚೌಕದಲ್ಲೂ ಇನ್‌ಸ್ಟಾಗ್ರಾಮ್ ಜಾಹೀರಾತನ್ನು 1080 × 1350ರ ಅಳತೆಯಲ್ಲೂ ತಯಾರಿಸಿ, ಚಿತ್ರ, ಅಕ್ಷರಗಳು ಬೇರೆ ಬೇರೆ ಪದರಗಳಲ್ಲಿ (ಲೇಯರ್) ಇರುವ ಮೂಲ ಫೈಲನ್ನು ಜೋಪಾನವಾಗಿಡಿ.

ಅನಂತರ ಅದನ್ನು ಜನರಿಗೆ ತೋರಿಸಬೇಕು. ಗಾಯಕರ ಬಂಧುಬಳಗದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಹೆಬ್ಬೆರಳುಗಳನ್ನು ಎಣಿಸುವುದು ಅಭಿಪ್ರಾಯ ಸಂಗ್ರಹವಲ್ಲ. ಆ ಬಗೆಯ ಸಂಗೀತ ಕೇಳುವ ಹತ್ತು ಹನ್ನೆರಡು ಜನರನ್ನು, ಅದರಲ್ಲೂ ಅರ್ಧದಷ್ಟು ಅಪರಿಚಿತರನ್ನು, ಒಬ್ಬೊಬ್ಬರನ್ನಾಗಿ ಭೇಟಿಯಾಗಿ. ಪ್ಲೇಲಿಸ್ಟಿನಲ್ಲಿ ಕಾಣುವಷ್ಟೇ ಚಿಕ್ಕದಾಗಿ ಚಿತ್ರವನ್ನು ಫೋನಿನಲ್ಲಿ ತೋರಿಸಿ, ಐದು ಎಣಿಸುವಷ್ಟರಲ್ಲಿ ಫೋನನ್ನು ಮಗುಚಿ, ‘ಆಲ್ಬಮ್ ಹೆಸರೇನು? ಯಾರದು? ಒಳಗೆ ಎಂಥ ಹಾಡುಗಳಿರಬಹುದು?’ ಎಂದು ಕೇಳಿ. ‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ. ದಾಕ್ಷಿಣ್ಯಕ್ಕೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ವಿನ್ಯಾಸಕರು ಪಕ್ಕದಲ್ಲಿ ನಿಂತು ‘ಅದು ಹಾಗಲ್ಲ ಸರ್, ಇದರ ಅರ್ಥ ಏನೆಂದರೆ’ ಎಂದು ವಿವರಿಸಲು ಹೊರಟರೆ ಆ ಉತ್ತರವನ್ನು ಲೆಕ್ಕದಿಂದ ತೆಗೆದುಹಾಕಿ.

ನಿಜವಾದ ಕಷ್ಟ ಆರಂಭವಾಗುವುದು ಬಂದ ಉತ್ತರಗಳನ್ನು ಓದುವಾಗ. ಕೇಳುಗರು ತಮಗಾದ ತೊಡಕನ್ನು ಸರಿಯಾಗಿಯೇ ಗುರುತಿಸುತ್ತಾರೆ, ಆದರೆ ಅವರು ಸೂಚಿಸುವ ಪರಿಹಾರ ಹಲವು ಬಾರಿ ತಪ್ಪಾಗಿರುತ್ತದೆ. ಗಿಟಾರು, ಡ್ರಮ್ಸ್ ಬಳಸಿದ ತತ್ತ್ವಪದಗಳ ಆಲ್ಬಮೊಂದಕ್ಕೆ ಕಾವಿ ಬಣ್ಣದ ಹಿನ್ನೆಲೆಯಲ್ಲಿ ಏಕತಾರಿಯ ಚಿತ್ರ ಹಾಕಿದ್ದರು. ನೋಡಿದವರಲ್ಲಿ ಹೆಚ್ಚಿನವರು ‘ಬಣ್ಣ ಬದಲಿಸಿ’ ಎಂದರು. ತಂಡ ನೀಲಿ ಮಾಡಿತು, ಹಸಿರು ಮಾಡಿತು. ಒಳಗೇನಿದೆ ಎಂದು ಕೇಳಿದರೆ ಉತ್ತರ ಮಾತ್ರ ‘ಭಜನೆ’ ಎಂದೇ ಬರುತ್ತಿತ್ತು. ಏಕತಾರಿಯ ಪಕ್ಕಕ್ಕೆ ಅದರಷ್ಟೇ ಎತ್ತರದ ಗಿಟಾರನ್ನು ಒರಗಿಸಿದ ಮೇಲೆ ಹಳೆಯ ಕಾವಿ ಬಣ್ಣದಲ್ಲೇ ಉತ್ತರ ಬದಲಾಯಿತು. ಹೀಗಾಗಿ ನೋಟುಪುಸ್ತಕದಲ್ಲಿ ಎರಡು ಕಾಲಂ ಎಳೆದು, ಒಂದರಲ್ಲಿ ಅವರು ಹೇಳಿದ ಮಾತನ್ನೂ ಇನ್ನೊಂದರಲ್ಲಿ ಅವರಿಗೆ ಏನು ತಪ್ಪಾಗಿ ಕಂಡಿತು ಎಂಬುದನ್ನೂ ಬರೆಯಿರಿ. ತಿದ್ದಬೇಕಾದದ್ದು ಎರಡನೆಯ ಕಾಲಂ ನೋಡಿ. ‘ಅಕ್ಷರ ದೊಡ್ಡದು ಮಾಡಿ’ ಎಂಬ ಸಲಹೆ ಬಂದರೆ ಚಿತ್ರವನ್ನು ಒಮ್ಮೆ ಕಪ್ಪು ಬಿಳುಪಿಗೆ ತಿರುಗಿಸಿ ನೋಡಿ. ಸಂಜೆಗೆಂಪು ಆಕಾಶದ ಮೇಲಿನ ಹಳದಿ ಅಕ್ಷರ ಅಲ್ಲಿ ಹಿನ್ನೆಲೆಯೊಂದಿಗೆ ಬೆರೆತುಹೋಗಿದ್ದರೆ, ಎಷ್ಟು ಹಿಗ್ಗಿಸಿದರೂ ಪ್ರಯೋಜನವಿಲ್ಲ.

ಒಂದೇ ತೊಡಕನ್ನು ಮೂರು ನಾಲ್ಕು ಜನ ತಾವಾಗಿಯೇ ಹೇಳಿದರೆ ತಿದ್ದಿ, ಒಬ್ಬರ ಅಭಿರುಚಿಯನ್ನು ಗೌರವದಿಂದ ಬದಿಗಿಡಿ. ಕವಿಯ ಹೆಸರು ಬಿಟ್ಟುಹೋಗಿದ್ದರೆ, ಕಾಗುಣಿತ ತಪ್ಪಿದ್ದರೆ, ಯಾವುದಾದರೂ ಸಮುದಾಯಕ್ಕೆ ನೋವಾಗುವಂತಿದ್ದರೆ ಒಬ್ಬರು ಹೇಳಿದರೂ ಸಾಕು.

ಕನ್ನಡ ಅಕ್ಷರಗಳ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಫೋಟೋಶಾಪ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಟೈಪ್ ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ, ಯೂನಿಕೋಡ್ ಫಾಂಟ್ ಬಳಸಿ. ಉಚಿತವಾಗಿ ಸಿಗುವ ‘ಬಲೂ ತಮ್ಮ’ ಎಂಬ ಫಾಂಟ್ ಶೀರ್ಷಿಕೆಗೆ ಚೆನ್ನಾಗಿ ಒಪ್ಪುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಷ್ಟು ಅಂತರವಿರಲಿ. ಎಐ ಬರೆದುಕೊಟ್ಟ ಚಿತ್ರದೊಳಗಿನ ಕನ್ನಡವನ್ನು ನಂಬಬೇಡಿ. ಚಿತ್ರ ಅದರದ್ದಾದರೂ ಅಕ್ಷರ ನಿಮ್ಮದಿರಲಿ. ಮೂಲೆಯಲ್ಲಿ ತನ್ನದೇ ಮುದ್ರೆ ಒತ್ತುವ ಪುಕ್ಕಟೆ ಪೋಸ್ಟರ್ ಆ್ಯಪ್‌ಗಳು ಹುಟ್ಟುಹಬ್ಬದ ಶುಭಾಶಯಕ್ಕಷ್ಟೇ ಲಾಯಕ್ಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಹೊಸಬರಿಗೆ ತೋರಿಸಿ, ಏಕೆಂದರೆ ಹಳಬರಿಗೆ ಹೆಸರು ಆಗಲೇ ಬಾಯಿಪಾಠವಾಗಿರುತ್ತದೆ.

ಜಾಹೀರಾತಿಗೆ ಬರುವ ದೂರು ಸಾಮಾನ್ಯವಾಗಿ ಒಂದೇ: ‘ಎಲ್ಲಿ ಕೇಳುವುದು, ಯಾವಾಗ ಬರುತ್ತದೆ?’ ಈ ವಿವರವನ್ನು ಮುಖಪುಟದಲ್ಲಿ ತುರುಕಬೇಡಿ. ಬೆಲೆ, ಜಾಲತಾಣದ ವಿಳಾಸದಂಥವು ಮುಖಪುಟದಲ್ಲಿದ್ದರೆ ಆ್ಯಪಲ್ ಮ್ಯೂಸಿಕ್ ಒಪ್ಪುವುದಿಲ್ಲ. ಅವು ಜಾಹೀರಾತಿನಲ್ಲಿರಲಿ, ಆದರೆ ಚಿತ್ರ ಮತ್ತು ಅಕ್ಷರವಿನ್ಯಾಸ ಮುಖಪುಟದ್ದೇ ಆಗಿರಲಿ.

ಸಿ.ಡಿ.ಯನ್ನೂ ತರುವುದಾದರೆ ತಿದ್ದುಪಡಿಯೆಲ್ಲ ಮುಗಿಯುವವರೆಗೆ ಮುದ್ರಣಕ್ಕೆ ಕೊಡಬೇಡಿ. 1966ರಲ್ಲಿ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್, ಬೀಟಲ್ಸ್ ತಂಡದವರು ಕಟುಕರ ಉಡುಪು ತೊಟ್ಟು ಮಾಂಸದ ತುಂಡುಗಳೊಂದಿಗೆ ಕುಳಿತ ಮುಖಪುಟಕ್ಕೆ ಆಕ್ಷೇಪಗಳು ಬಂದಾಗ ಆಲ್ಬಮನ್ನು ಹಿಂದಕ್ಕೆ ಪಡೆದು, ಅಚ್ಚಾಗಿದ್ದ ಅನೇಕ ಕವರುಗಳ ಮೇಲೆ ಹೊಸ ಚಿತ್ರವನ್ನು ಅಂಟಿಸಬೇಕಾಯಿತು. ಫೈಲನ್ನು ಮುದ್ರಣದ ಬಣ್ಣಪದ್ಧತಿಯಾದ ಸಿಎಂವೈಕೆಗೆ ಬದಲಿಸಿ, ಕತ್ತರಿಸುವಾಗ ಹೋಗುವಂತೆ ಹಿನ್ನೆಲೆ ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಹರಡಿ, ಒಂದು ಪ್ರತಿ ಪ್ರೂಫ್ (ಮಾದರಿ ಮುದ್ರಣ) ತರಿಸಿ ಹಗಲು ಬೆಳಕಿನಲ್ಲಿ ನೋಡಿ. ಪರದೆಯಲ್ಲಿ ಹೊಳೆಯುವ ನೀಲಿ ಮತ್ತು ಗಿಳಿಹಸಿರು ಕಾಗದದ ಮೇಲೆ ಮಂಕಾಗುತ್ತವೆ. ಡಿಜಿಟಲ್ ವೇದಿಕೆಗಳಲ್ಲಿ ಹೊಸ ಚಿತ್ರ ಕಾಣಿಸಿಕೊಳ್ಳಲು ಕೆಲವು ದಿನ ಬೇಕಾಗಬಹುದಾದ್ದರಿಂದ, ಅದು ಕಂಡ ಮೇಲೆಯೇ ಹೊಸ ಜಾಹೀರಾತಿಗೆ ಹಣ ಹಾಕಿ.