ಮ್ಯಾಚಿಂಗ್ ಸಿಗಲಿಲ್ಲ ಅಂತ ಸೀರೆ ಬೀರುವಿನಲ್ಲೇ ಉಳಿಯಬೇಕಿಲ್ಲ

ಸರಿಯಾದ ಬ್ಲೌಸ್ ಬಟ್ಟೆ ಸಿಗಲಿಲ್ಲ ಅಂತ ಒಳ್ಳೊಳ್ಳೆ ಸೀರೆಗಳನ್ನು ಮಡಿಸಿಟ್ಟವರು ಎಷ್ಟೋ ಜನ. ಒಂದು ಮ್ಯಾಚಿಂಗ್ ಸೆಂಟರ್ ಆಯಿತು, ಇನ್ನೊಂದು ಆಯಿತು ಅಂತ ಅಲೆದು, ಕೊನೆಗೆ ಅರ್ಧ ಶೇಡ್ ಆಚೀಚೆ ಇರುವ ಬಟ್ಟೆ ತಂದು ಹೊಲಿಸುತ್ತಾರೆ. ಆ ಅರ್ಧ ಶೇಡೇ ನೋಡಿ ತೊಂದರೆ. ಪೂರ್ತಿ ಬೇರೆ ಬಣ್ಣ ಹಾಕಿದರೆ ಬೇಕಂತಲೇ ಹಾಕಿದ್ದಾರೆ ಅನ್ನಿಸುತ್ತದೆ. ಅದೇ ಬಣ್ಣ ಸ್ವಲ್ಪ ತಪ್ಪಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ರೇಷ್ಮೆಯ ಹಸಿರಿಗೆ ಹೊಳಪಿದೆ, ಬ್ಲೌಸಿಗೆ ಬಳಸುವ ರುಬಿಯಾ ಕಾಟನ್ ಬಟ್ಟೆಯ ಹಸಿರಿಗೆ ಇಲ್ಲ. ಎರಡೂ ಒಂದೇ ಆಗುವುದಾದರೂ ಹೇಗೆ?

ಅದಕ್ಕೇ ನಾನು ಹೇಳುವುದು, ಒಡಲಿನ ಬಣ್ಣ ಬಿಡಿ, ಅದೇ ಸೀರೆಯೊಳಗಿನ ಎರಡನೇ ಬಣ್ಣ ಹುಡುಕಿ. ಅಂಚಿನಲ್ಲಿ ಇರುತ್ತದೆ. ಸೆರಗಿನ ಗೆರೆಯಲ್ಲಿ ಇರುತ್ತದೆ. ಕೆಲವೊಮ್ಮೆ ಚಿಕ್ಕ ಬುಟ್ಟಾದ ನಡುವೆ ಒಂದು ಚುಕ್ಕೆಯಷ್ಟೇ ಇರುತ್ತದೆ. ನೇಯ್ದವರು ಆಗಲೇ ಕೂಡಿಸಿಟ್ಟ ಬಣ್ಣ ಅದು, ಹೊಂದುತ್ತದೋ ಇಲ್ಲವೋ ಅನ್ನುವ ಅನುಮಾನವೇ ಬೇಡ.

ಇಳಕಲ್ ಸೀರೆಯನ್ನೇ ನೋಡಿ. ಒಡಲು ಹಸಿರಿರಲಿ, ಕಡು ನೀಲಿ ಇರಲಿ, ಸೆರಗು ಮಾತ್ರ ಕೆಂಪು, ಅದರಲ್ಲಿ ಬಿಳಿ ತೆನೆ. ಒಡಲಿನ ಹಾಸಿಗೂ, ಅಂದರೆ ಉದ್ದದ ಎಳೆಗಳಿಗೂ, ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ನೇಯ್ಗೆ ಅದು. ಬಾಗಲಕೋಟೆ ಕಡೆಯ ಹೆಂಗಸರು ಇದಕ್ಕೆ ಗುಳೇದಗುಡ್ಡದಲ್ಲಿ ನೇಯುವ ಖಣ ಅನ್ನುವ ಬಟ್ಟೆಯ ಕುಬಸ, ಅಂದರೆ ಬ್ಲೌಸ್, ತೊಡುತ್ತಾರೆ. ಕುಬಸದ ಬಣ್ಣ ಸೀರೆಯ ಒಡಲಿಗೆ ಸೇರಲೇಬೇಕು ಅನ್ನುವ ಹಟ ಅಲ್ಲಿಲ್ಲ. ನೀಲಿ ಸೀರೆಗೆ ಕೆಂಪು ಖಣ, ಹಸಿರು ಸೀರೆಗೆ ನೇರಳೆ ಖಣ. ಹೊಲಕ್ಕೂ ಅದೇ, ಸಂತೆಗೂ ಅದೇ. ಎಷ್ಟು ಲಕ್ಷಣವಾಗಿ ಕಾಣುತ್ತದೆ ಅಲ್ವಾ! ಬಣ್ಣ ಕೂಡಿಸುವ ಧೈರ್ಯ ನಮ್ಮ ಹಳ್ಳಿಯ ಹೆಂಗಸರಿಗೆ ಯಾವತ್ತೂ ಇತ್ತು.

ಡಬಲ್ ಶೇಡ್ ಸೀರೆ ಇನ್ನೂ ಸುಲಭ. ಹಾಸು ಒಂದು ಬಣ್ಣ, ಹೊಕ್ಕು, ಅಂದರೆ ಅಡ್ಡ ಎಳೆ, ಇನ್ನೊಂದು ಬಣ್ಣ ಇರುತ್ತದೆ. ಕಿಟಕಿಯ ಹತ್ತಿರ ಹಿಡಿದು ನೆರಿಗೆ ಅಲ್ಲಾಡಿಸಿ. ತಿರುಗಿದಾಗ ಇಣುಕುತ್ತದಲ್ಲ, ಆ ಬಣ್ಣದ ಬ್ಲೌಸ್ ಹಾಕಿ.

ಬಣ್ಣ ಬೇರೆಯಾದರೆ ಸಾಲದು, ಒಂದು ಗಾಢ ಇದ್ದರೆ ಇನ್ನೊಂದು ಸ್ವಲ್ಪ ತಿಳಿ ಇರಬೇಕು. ಇಟ್ಟಿಗೆ ಬಣ್ಣ, ಬೂದು ಹಸಿರು ಎರಡೂ ಚೆಂದವೇ, ಆದರೆ ಒಂದೇ ಮಟ್ಟದ ಮಬ್ಬು ಇದ್ದರೆ ಒಟ್ಟಿಗೆ ಮಂಕಾಗುತ್ತವೆ. ಇದಕ್ಕೊಂದು ಉಪಾಯವಿದೆ. ಎರಡೂ ಬಟ್ಟೆ ಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಒಂದನ್ನು ಬದಲಿಸಿ. ಚೂಡಿದಾರಕ್ಕೂ ಇದೇ ಲೆಕ್ಕ. ಪ್ರಿಂಟ್ ಇರುವ ಟಾಪಿನಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಬಣ್ಣವನ್ನು ದುಪಟ್ಟಾಕ್ಕೆ ಆರಿಸಿ. ಗಂಡಸರಿಗೆ ಪ್ಯಾಂಟಿಗಿಂತ ತಿಳಿಯಾದ ಶರ್ಟು ಹೆಚ್ಚು ಕಡಿಮೆ ಯಾವಾಗಲೂ ಒಪ್ಪುತ್ತದೆ.

ಮೈಬಣ್ಣದ ಮಾತು ಹೇಳಿಬಿಡುತ್ತೇನೆ. ಕಪ್ಪಗಿರುವ ಹುಡುಗಿಯರಿಗೆ ‘ನಿನಗೆ ಆ ಬಣ್ಣ ಬೇಡ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಾಸಿವೆ ಹಳದಿ, ಕುಂಕುಮದ ಕೆಂಪು, ನವಿಲು ನೀಲಿ ಅವರಿಗೆ ಕೊಡುವ ಕಳೆ ನೋಡಬೇಕು! ಒಂದು ಬಣ್ಣ ನಿಮಗೆ ಒಪ್ಪುವುದಿಲ್ಲ ಅಂತ ನಿಮಗೇ ಅನ್ನಿಸಿದರೂ ಸೀರೆ ಬಿಡಬೇಡಿ. ಮುಖದ ಹತ್ತಿರ ಇರುವುದು ಬ್ಲೌಸು. ಅದು ಒಪ್ಪುವ ಬಣ್ಣದ್ದಾದರೆ ಸಾಕು.

ದಿನಾ ಕೆಲಸಕ್ಕೆ ಹೋಗುವವರು ಐದು ಬ್ಲೌಸ್ ಹೊಲಿಸಿಟ್ಟುಕೊಳ್ಳಿ. ಕಪ್ಪು, ಮೆರೂನ್, ಬಾಟಲ್ ಗ್ರೀನ್, ಸಾಸಿವೆ, ಕೆನೆ ಬಣ್ಣ. ಬೀರುವಿನ ಮುಕ್ಕಾಲು ಸೀರೆಗೆ ಇವುಗಳಲ್ಲಿ ಯಾವುದಾದರೂ ಒಂದು ಆಗುತ್ತದೆ. ಅಂಗಡಿಯ ಲೈಟಿನಲ್ಲಿ ಕಡು ನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ. ಬಟ್ಟೆ ಕತ್ತರಿಸುವ ಮೊದಲು ಬಾಗಿಲಿನ ಹೊರಗೆ, ಹಗಲು ಬೆಳಕಿಗೆ ತಂದು ನೋಡಿ. ಅಂಗಡಿಯವರಿಗೆ ಬೇಜಾರಾಗುತ್ತದೆ ಅಂತ ಸಂಕೋಚ ಬೇಡ. ಕಾಟನ್ ಬಟ್ಟೆಯನ್ನು, ಒಳಗಿನ ಲೈನಿಂಗನ್ನೂ ಟೈಲರ್‌ಗೆ ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕಂಕುಳಲ್ಲಿ ಹಿಡಿಯುತ್ತದೆ.

ಮ್ಯಾಚಿಂಗ್ ನಿಜವಾಗಿ ಬೇಕಾಗುವುದು ಲಂಗಕ್ಕೆ. ತೆಳು ಸೀರೆಯೊಳಗೆ ಬೇರೆ ಬಣ್ಣದ ಲಂಗ ಉಟ್ಟರೆ ಸೀರೆಯ ಬಣ್ಣವೇ ಬದಲಾಗಿ ಕಾಣುತ್ತದೆ. ಅಲ್ಲಿ ಮಾತ್ರ ಒಡಲಿಗೆ ತೀರಾ ಹತ್ತಿರದ ಬಣ್ಣವನ್ನೇ ತನ್ನಿ.

ಇನ್ನು ಹೊಸ ಕೆಂಪು ಬ್ಲೌಸನ್ನು ತಿಳಿ ಬಣ್ಣದ ಸೀರೆಯ ಜೊತೆ ಹಾಕುವ ಮೊದಲು ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಒಳಮಡಿಕೆಯ ಮೇಲೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಬ್ಲೌಸನ್ನು ಬೇರೆಯಾಗಿಯೇ ತಣ್ಣೀರಿನಲ್ಲಿ ಒಗೆಯಿರಿ. ಬಣ್ಣ ಬಿಡುವುದು ನಿಲ್ಲುವ ತನಕ ಗಾಢ ಸೀರೆಗಳಿಗೇ ಇಟ್ಟುಕೊಳ್ಳಿ. ಬೆವರಿಗೂ ಬಣ್ಣ ಇಳಿಯುತ್ತದೆ, ಕೆನೆ ಬಣ್ಣದ ಸೆರಗಿಗೆ ಹತ್ತಿದರೆ ತೆಗೆಯುವುದು ಬಹಳ ಕಷ್ಟ.